ಕೂಲರ್ ಒಂದು, ಟಿ.ವಿ. ಒಂದು, ಮಂದಿ ಮೂವತ್ತು

ಕಲಬುರಗಿಗೆ ಏಪ್ರಿಲ್ ಬಂತು ಅಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಚಳಿಗಾಲದಲ್ಲಿ ಮದುವೆ, ಪರೀಕ್ಷೆ, ಅತ್ತೆ ಸೊಸೆ. ಬೇಸಿಗೆಯಲ್ಲಿ ಬರೀ ಕೂಲರ್. ನಗಬೇಡಿ. ಬಿಸಿಲು 42, 43 ಡಿಗ್ರಿ ಮುಟ್ಟಿದ ಮೇಲೆ ಮನೆಯೇ ಆಗಲಿ, ಹಾಸ್ಟೆಲ್ಲೇ ಆಗಲಿ, ಎಲ್ಲರೂ ಕೂಲರ್ ಇರುವ ಕೋಣೆಗೆ ಬಂದು ಬೀಳುತ್ತಾರೆ. ಟಿ.ವಿ.ಯೂ ಅದೇ ಕೋಣೆಯಲ್ಲಿ ಇರುತ್ತದೆ. ಹೊರಗೆ ಹೋಗೋಣ ಅಂದರೆ ಸಂಜೆ ಆರರವರೆಗೆ ಅಂಗಳದ ಪರಸಿ ಮೇಲೆ ಕಾಲು ಇಡುವ ಹಾಗಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಕೋಣೆಯವೇ. ಒಬ್ಬರು ಆಡುವುದನ್ನು ಇನ್ನೊಬ್ಬರು ನೋಡಬೇಕಾಗಿ ಬರುವ ತಂಟೆ. 29 ವರ್ಷ ಗಂಡು ಹುಡುಗರ ಹಾಸ್ಟೆಲ್ ವಾರ್ಡನ್ ಆಗಿದ್ದವನು ನಾನು. ಈ ತಂಟೆ ನನಗೆ ಹಳೆಯ ಗೆಳೆಯ ಇದ್ದಂತೆ. ಮೊದಲ ಪತ್ರ ಒಬ್ಬ ತಾಯಿಯದು.

ನಮ್ಮದು ಸೇಡಂ ರಸ್ತೆ ಕಡೆಯ 24 ಮನೆಗಳ ಅಪಾರ್ಟ್‌ಮೆಂಟ್. ಕೆಳಗೆ ಒಂದು ಹಾಲ್ ಇದೆ. ದೊಡ್ಡ ಟಿ.ವಿ., ಎರಡು ಕೂಲರ್. ಎಲ್ಲರ ಮೇಂಟೆನೆನ್ಸ್ ದುಡ್ಡಿನಲ್ಲೇ ತಂದದ್ದು. ರಜೆ ಶುರುವಾದಾಗಿನಿಂದ ಡಿಗ್ರಿ ಓದುವ ನಾಲ್ಕೈದು ಹುಡುಗರು ಪ್ಲೇಸ್ಟೇಷನ್ ತಂದು ಜೋಡಿಸಿ ಜಿಟಿಎ ಆಡುತ್ತಾರೆ. ಕಾರು ಕದಿಯುವುದು, ದಾರಿಯಲ್ಲಿ ಹೋಗುವವರ ಮೇಲೆ ಹತ್ತಿಸುವುದು, ಪೊಲೀಸರಿಗೆ ಗುಂಡು ಹೊಡೆಯುವುದು. ಸಣ್ಣ ಮಕ್ಕಳೆಲ್ಲ ಹಿಂದೆ ಚಾಪೆ ಹಾಕಿಕೊಂಡು ನೋಡುತ್ತಾರೆ. ನನ್ನ ಮಗನಿಗೆ ಆರು ವರ್ಷ. ಮೊನ್ನೆ ಲಟ್ಟಣಿಗೆ ಹಿಡಿದು ನಮ್ಮ ಅತ್ತೆಯ ತಲೆಗೆ ಗುರಿ ಇಟ್ಟು 'ಅಜ್ಜಿ, ಹೆಡ್‌ಶಾಟ್' ಅಂದ. ಸೆಕ್ರೆಟರಿಗೆ ಹೇಳಿದರೆ 'ಆಟ ಅದರೀ ಬಾಯಿ, ಏನಾಗ್ತದ' ಅಂದರು. ಮೇಲಿನ ಮಹಡಿಯವರು ಪ್ಲೇಸ್ಟೇಷನ್ ಪೂರ್ತಿ ಬಂದ್ ಮಾಡಿಸೋಣ ಎಂದು ಸಹಿ ಹಾಕಿಸುತ್ತಿದ್ದಾರೆ. ನಾನು ಸಹಿ ಹಾಕಲಾ, ಬೇಡವಾ?

ಹಾಕಬೇಡಿ, ತಂಗಿ. ಆದರೆ ಸೆಕ್ರೆಟರಿ ಮಾತು ಒಪ್ಪಿಕೊಂಡು ಸುಮ್ನೆ ಕೂರಲೂಬೇಡಿ.

ಮೊದಲು ಲಟ್ಟಣಿಗೆ ವಿಷಯ. ನಿಮ್ಮ ಮಗ ಕೊಲೆಗಾರ ಆಗುವುದಿಲ್ಲ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ದೊಡ್ಡ ಸಂಘ, ಎಪಿಎ ಅಂತಾರೆ, 2020ರಲ್ಲಿ ತನ್ನ ಹಳೆಯ ನಿಲುವನ್ನು ಮತ್ತೆ ತಿದ್ದಿ ಬರೆಯಿತು. ಹೊಡೆದಾಟದ ಆಟಕ್ಕೂ ಕೂಗಾಡುವುದು, ತಳ್ಳಾಡುವುದಕ್ಕೂ ಸಣ್ಣ ನಂಟು ಕಾಣುತ್ತದೆ. ಆದರೆ ಕೊಲೆ, ಗುಂಡು ಹಾರಿಸುವುದು ಇಂಥದ್ದಕ್ಕೆಲ್ಲ ಆಟವೇ ಕಾರಣ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ. ನಾನು ನೋಡಿದ ಸಾವಿರಾರು ಹುಡುಗರಲ್ಲೂ ಇಷ್ಟೇ ಕಂಡದ್ದು. ಗುದ್ದಾಟ ಜಾಸ್ತಿ ಆಗುತ್ತಿತ್ತು, ಬೈಗುಳ ಹೊಸವು ಬರುತ್ತಿದ್ದವು. ಪೊಲೀಸ್ ಠಾಣೆಗೆ ಹೋದವರ ಕತೆಯೇ ಬೇರೆ, ಅವರಿಗೆ ಟಿ.ವಿ. ನೋಡಲು ಪುರುಸೊತ್ತೇ ಇರಲಿಲ್ಲ.

ಹಾಗಂತ ಸೆಕ್ರೆಟರಿಯವರ 'ಏನಾಗ್ತದ' ಸರಿ ಅಲ್ಲ. ಆ ಆಟ ಮಾಡಿದವರೇ ಅದನ್ನು ಮಕ್ಕಳಿಗೆ ಅಂತ ಮಾಡಿಲ್ಲ. 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ರಕ್ತ ಕಾಣುವ ಆಟಗಳ ಬಗ್ಗೆ ದೊಡ್ಡ ವಿಚಾರಣೆ ನಡೆಯಿತು. ಸರ್ಕಾರ ಕೈ ಹಾಕುವ ಮೊದಲೇ ಕಂಪನಿಗಳು ಸೇರಿ 1994ರಲ್ಲಿ ವಯಸ್ಸಿನ ಗುರುತು ಹಾಕುವ ಇಎಸ್‌ಆರ್‌ಬಿ ಅನ್ನುವ ಮಂಡಳಿ ಮಾಡಿಕೊಂಡವು. ಯುರೋಪಿನಲ್ಲಿ 2003ರಿಂದ ಪೆಗಿ ಅಂತ ಇದೆ. ಜಿಟಿಎ 5ಕ್ಕೆ ಪೆಗಿ ಕೊಟ್ಟಿರುವ ಗುರುತು 18. ಡಬ್ಬಿಯ ಮೂಲೆಯಲ್ಲಿ ಕೆಂಪು ಚೌಕದಲ್ಲಿ ದೊಡ್ಡದಾಗಿ ಹಾಕಿರುತ್ತಾರೆ. ಆದರೆ ನಿಮ್ಮ ಹಾಲ್‌ಗೆ ಡಬ್ಬಿ ಬರುವುದಿಲ್ಲ, ಅಲ್ವಾ? ಡಬ್ಬಿ ಯಾವುದೋ ಹುಡುಗನ ಅಟ್ಟದ ಮೇಲೆ ಇರುತ್ತದೆ. ಹಾಲ್‌ಗೆ ಬರುವುದು ಬರೀ ಆಟ. ಚಾಪೆ ಮೇಲೆ ಕೂತ ಆರು ವರ್ಷದವನಿಗೆ 18 ಅನ್ನುವ ಅಂಕಿ ತೋರಿಸುವವರು ಅಲ್ಲಿ ಯಾರೂ ಇಲ್ಲ. ಆಡುವವನು ಆಟವನ್ನು ಆರಿಸಿಕೊಂಡಿದ್ದಾನೆ. ಹಿಂದೆ ಕೂತ ಪೋರ ಆರಿಸಿಕೊಂಡದ್ದು ಕೂಲರ್ ಗಾಳಿ ಅಷ್ಟೇ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಅದು ವಿಸಿಡಿ ಕಾಲ. ಶನಿವಾರ ರಾತ್ರಿ ಹುಡುಗರು ಚಂದಾ ಎತ್ತಿ ಪ್ಲೇಯರ್ ಬಾಡಿಗೆಗೆ ತರುತ್ತಿದ್ದರು. ಮೂರು ಸಿನಿಮಾ, ಬೆಳಗಿನವರೆಗೆ. ನಾನು ಹತ್ತು ಗಂಟೆಗೆ ಒಂದು ಸುತ್ತು ಬಂದು 'ಸದ್ದು ಕಡಿಮಿ ಮಾಡ್ರೋ' ಅಂದು ಮಲಗುತ್ತಿದ್ದೆ. ಏನು ಸಿನಿಮಾ ಅಂತ ಕೇಳಿದವನಲ್ಲ. ಯಾದಗಿರಿ ಕಡೆಯ ಹಳ್ಳಿಯ ಒಬ್ಬ ಹುಡುಗ, ಪಿಯುಸಿ ಮೊದಲ ವರ್ಷ, ಹಾಸ್ಟೆಲ್‌ಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಒಂದು ಸೋಮವಾರ ಅವನ ಹಾಸಿಗೆ ಒದ್ದೆ. ಮಂಗಳವಾರವೂ ಒದ್ದೆ. ರೂಮಿನವರು ಚಾಡಿ ಹೇಳಿದರು, ನಾನು ಎಲ್ಲರ ಮುಂದೆ ಬೈದೆ. ಹುಡುಗ ಬಾಯಿ ಬಿಡಲಿಲ್ಲ. ಅಡುಗೆಯವನು ಬಂದು ಹೇಳಿದ ಮೇಲೆ ನನಗೆ ತಿಳಿದದ್ದು. 'ಸರ್, ಆ ಪೋರ ನಾಕು ರೊಟ್ಟಿ ಉಣ್ಣಾಂವ, ಈಗ ಅರ್ಧ ರೊಟ್ಟಿ ಮುರದು ತಾಟಿನ್ಯಾಗೆ ಬಿಡ್ತಾನ್ರಿ. ನೀರೂ ಕುಡಿಯಂಗಿಲ್ಲ.'

ನೀರು ಯಾಕೆ ಕುಡಿಯುತ್ತಿರಲಿಲ್ಲ ಗೊತ್ತಾ? ನೀರು ಕುಡಿದರೆ ರಾತ್ರಿ ಎದ್ದು ಹೋಗಬೇಕು. ನಮ್ಮ ಹಾಸ್ಟೆಲ್‌ನಲ್ಲಿ ಪಾಯಿಖಾನೆ ಇದ್ದದ್ದು ವರಾಂಡದ ತುದಿಯಲ್ಲಿ. ದಾರಿಯಲ್ಲಿ ಇದ್ದದ್ದು ಒಂದೇ ಬಲ್ಬು. ಶನಿವಾರದ ಸಿನಿಮಾದಲ್ಲಿ ಅಂಥದ್ದೇ ಒಂದು ವರಾಂಡದಲ್ಲಿ ಒಬ್ಬನನ್ನು ಕೊಚ್ಚಿ ಹಾಕುತ್ತಾರಂತೆ. ಊರಲ್ಲಿ ಅವನು ಅಂಗಳದಲ್ಲಿ ಅಪ್ಪನ ಪಕ್ಕ ಮಲಗಿದವನು. ಇಲ್ಲಿ ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತು, ಎದ್ದು ಹೋದರೆ ಸೀನಿಯರ್‌ಗಳು ನಗುತ್ತಾರೆ ಅಂತ ಕಣ್ಣು ಬಿಟ್ಟುಕೊಂಡೇ ಪೂರ್ತಿ ನೋಡಿದ್ದಾನೆ. ಸೀನಿಯರ್‌ಗಳಿಗೆ ಏನೂ ಆಗಿರಲಿಲ್ಲ. ಅವರು ನೋಡಿ, ನಕ್ಕು, ಮರೆತಿದ್ದರು.

ನಾನು ಏನು ಮಾಡಿದೆ? ಟಿ.ವಿ. ಕಪಾಟಿಗೆ ಬೀಗ ಹಾಕಿ ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡೆ. ಒಂದು ತಿಂಗಳು. ಹುಡುಗರು ಹೊರಗೆ ಯಾರದೋ ರೂಮಿನಲ್ಲಿ ನೋಡಲು ಶುರು ಮಾಡಿದರು, ಗೋಡೆ ಹಾರಿ. ಸಣ್ಣವರನ್ನೂ ಕರೆದುಕೊಂಡು ಹೋದರು, ಬಾಡಿಗೆಯ ಚಂದಾ ಬೇಕಲ್ಲ! ಬೀಗ ಹಾಕಿ ನಾನು ಗೆದ್ದದ್ದು ಇಷ್ಟೇ: ಮೊದಲು ನನ್ನ ಕಣ್ಣ ಮುಂದೆ ಆಗುತ್ತಿದ್ದದ್ದು ಆಮೇಲೆ ಕಣ್ಣ ಹಿಂದೆ ಆಯಿತು. ನಿಮ್ಮ ಮಹಡಿಯವರ ಸಹಿಯ ಕಾಗದ ನೋಡಿದರೆ ನನಗೆ ಆ ಬೀಗದ ಕೈ ನೆನಪಾಗುತ್ತದೆ.

ದಾರಿ ತೋರಿಸಿದವನೂ ಆ ಅಡುಗೆಯವನೇ. 'ಸರ್, ಊಟದ ಪಾಳಿ ಹಾಕಿದಂಗ ಟಿ.ವಿ.ಗೂ ಪಾಳಿ ಹಾಕ್ರಿ. ಸಣ್ಣ ಪೋರಗಳಿಗೆ ಮೊದ್ಲು ಉಣಲಾಕ ಹಾಕ್ತೀನಿ, ಅವು ಉಂಡು ಹಾಲ್‌ನ್ಯಾಗ ಕೂತು ಬೇಕಾದ್ದು ನೋಡ್ಲಿ. ದೊಡ್ಡವರದು ಎರಡ್ನೇ ಪಾಳಿ.' ಗಂಟೆ ಹೊಡೆಯುವುದು, ಹಾಲ್ ಖಾಲಿ ಆಗುವುದು, ಮತ್ತೆ ತುಂಬುವುದು. ಪಾಳಿಯ ಹೊತ್ತು ಬರೆದವರು ಸೀನಿಯರ್ ಹುಡುಗರೇ. ನಾನು ಬರೆದಿದ್ದರೆ ಮರುದಿನವೇ ಹರಿದಿರುತ್ತಿದ್ದರು. ಹತ್ತು ವರ್ಷ ಆ ಚೀಟಿ ಕಪಾಟಿನ ಬಾಗಿಲ ಮೇಲೆ ಇತ್ತು, ಎಣ್ಣೆ ಕೈಯ ಕಲೆ ಸಮೇತ.

ಹಾಗಾಗಿ ಆ ನಾಲ್ಕೈದು ಹುಡುಗರನ್ನು ಒಂದು ಸಂಜೆ ಚಹಾಕ್ಕೆ ಕರೆಯಿರಿ. ಸೆಕ್ರೆಟರಿ ಬೇಡ, ಸಭೆ ಬೇಡ, ನೀವೂ ಇನ್ನಿಬ್ಬರು ತಾಯಂದಿರೂ ಸಾಕು. 'ನೀವು ಕೆಟ್ಟವರು, ಆಟ ಕೆಟ್ಟದ್ದು' ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. 'ತಮ್ಮಾ, ನನ್ನ ಮಗ ಹಿಂದೆ ಕೂತಿರ್ತಾನ, ಅವನಿಗೆ ಆರು ವರ್ಷ, ಅವನು ಇರೋ ಹೊತ್ತಿನಾಗ ಏನು ಮಾಡೋಣ?' ಅಂತ ಅವರನ್ನೇ ಕೇಳಿ. ಮಧ್ಯಾಹ್ನದ ಬಿಸಿಲಿನ ಹೊತ್ತು ಮಕ್ಕಳದು, ರಾತ್ರಿ ಒಂಬತ್ತರ ಮೇಲೆ ಅವರದು ಅಂತ ಅವರೇ ಹೇಳುತ್ತಾರೆ ನೋಡಿ. ಹಗಲು ಆಡಲೇಬೇಕು ಅಂದರೆ ಕ್ರಿಕೆಟ್, ಫುಟ್‌ಬಾಲ್, ಕಾರ್ ರೇಸ್ ಆಟಗಳೂ ಅದೇ ಪೆಟ್ಟಿಗೆಯಲ್ಲಿ ಇವೆ. ಮಕ್ಕಳಿಗೂ ಒಂದೊಂದು ಸಲ ಕೈಗೆ ಕೊಡಲಿ. ಚಾಪೆ ಮೇಲೆ ಬಾಯಿ ಬಿಟ್ಟು ನೋಡುವುದಕ್ಕಿಂತ ಅದು ವಾಸಿ.

ಇನ್ನೊಂದು ಮಾತು, ನಿಮಗೆ ಹಿಡಿಸಲಿಕ್ಕಿಲ್ಲ. ಅದೇ ಹಾಲ್‌ನಲ್ಲಿ ರಾತ್ರಿ ಹಿರಿಯರು ನ್ಯೂಸ್ ನೋಡುತ್ತಾರಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಿಸಿಟಿವಿಯಲ್ಲಿ ಸಿಕ್ಕ ಕೊಲೆಯನ್ನು ಕೆಂಪು ಗೋಲ ಹಾಕಿ ಹತ್ತು ಸಲ ತಿರುಗಿಸಿ ತೋರಿಸುತ್ತಾರೆ. ಅಪಘಾತದ ಹೆಣ, ರಕ್ತ, ಅಳುವ ತಾಯಿ. 2023ರ ಜನವರಿಯಲ್ಲಿ ಕೇಂದ್ರದ ವಾರ್ತಾ ಇಲಾಖೆಯೇ ಚಾನೆಲ್‌ಗಳಿಗೆ ಇಂಥದ್ದನ್ನು ಹೀಗೆ ತೋರಿಸಬೇಡಿ ಎಂದು ಬರೆದು ಕಳಿಸಬೇಕಾಯಿತು. ಆಟದಲ್ಲಿ ಸತ್ತವನು ಮುಂದಿನ ಸುತ್ತಿಗೆ ಎದ್ದು ಬರುತ್ತಾನೆ. ನ್ಯೂಸ್‌ನಲ್ಲಿ ಸತ್ತವನು ಬರುವುದಿಲ್ಲ, ಅದು ಆರು ವರ್ಷದವನಿಗೂ ಗೊತ್ತಾಗುತ್ತದೆ. ಪಾಳಿ ಹಾಕುವಾಗ ಹುಡುಗರ ಹೆಸರು ಮಾತ್ರ ಬರೆದು ಅಜ್ಜಂದಿರನ್ನು ಬಿಟ್ಟರೆ, ಹುಡುಗರು ಅದನ್ನು ಮೊದಲ ದಿನವೇ ಗುರುತಿಸುತ್ತಾರೆ.

ಲಟ್ಟಣಿಗೆಗೆ ಮಾತ್ರ ಏನೂ ಮಾಡಬೇಡಿ. ಅಜ್ಜಿ ಒಂದು ಸಲ ಸತ್ತಂತೆ ಬಿದ್ದು ತೋರಿಸಲಿ, ಆಮೇಲೆ 'ನನಗ ನೋವಾತಪಾ' ಅನ್ನಲಿ.

ವಿಶ್ವವಿದ್ಯಾಲಯದ ಹತ್ತಿರದ ಪಿ.ಜಿ.ಯಲ್ಲಿ ಇದ್ದೇನೆ ಸರ್. ನಾವು ನಾಲ್ವರು ರಾತ್ರಿ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನುವ ಗುಂಡು ಹಾರಿಸುವ ಆಟ ಆಡುತ್ತೇವೆ. ಇಯರ್‌ಫೋನ್ ಹಾಕಿಕೊಂಡೇ ಆಡುತ್ತೇವೆ, ಯಾರಿಗೂ ತೊಂದರೆ ಇಲ್ಲ. ಪಕ್ಕದ ರೂಮಿನವನು ದೂರು ಕೊಟ್ಟ ಅಂತ ಮಾಲೀಕರು ವೈಫೈ ತೆಗೆದಿದ್ದಾರೆ. 'ನೀವು ನಾಳೆ ನಿಜವಾಗಿ ಮಂದಿನ್ನ ಕೊಲ್ತೀರಿ' ಅಂತ ಬೈಯುತ್ತಾರೆ. ಇದರಲ್ಲಿ ರಕ್ತವೂ ಹಸಿರು ಬಣ್ಣದ್ದು ಸರ್. ಇದು ಅನ್ಯಾಯ ಅಲ್ವಾ?

ಅರ್ಧ ಅನ್ಯಾಯ. ಕೊಲ್ಲುತ್ತೀರಿ ಅಂದದ್ದು ತಪ್ಪು. ಅದಕ್ಕೆ ಮೇಲೆ ಉತ್ತರ ಇದೆ, ಮಾಲೀಕರಿಗೆ ಓದಿ ಹೇಳಿ.

ಹಸಿರು ರಕ್ತದ ಕತೆ ನನಗೂ ಗೊತ್ತು. ಪಬ್‌ಜಿಯನ್ನು 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಬಂದ್ ಮಾಡಿತು, ಚೀನಾದ ನಂಟಿನ ಬೇರೆ ಆಪ್‌ಗಳ ಜೊತೆಗೆ. ಕಾರಣ ಹೊಡೆದಾಟ ಅಲ್ಲ, ದೇಶದ ಭದ್ರತೆ. 2021ರಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಅಂತ ಭಾರತಕ್ಕೆ ತಂದಿತು. 2022ರ ಜುಲೈನಲ್ಲಿ ಅದೂ ಹೋಯಿತು, 2023ರ ಮೇನಲ್ಲಿ ಮರಳಿ ಬಂತು. ಬರುವಾಗ ದಿನಕ್ಕೆ ಇಷ್ಟೇ ಹೊತ್ತು ಅಂತ ಕಟ್ಟು ಹಾಕಿಕೊಂಡು ಬಂತು: 18 ತುಂಬದವರಿಗೆ ಮೂರು ತಾಸು, ದೊಡ್ಡವರಿಗೆ ಆರು ತಾಸು. ರಕ್ತ ಹಸಿರು, 'ಕಿಲ್' ಅನ್ನುವ ಬದಲು 'ಫಿನಿಶ್'. ಒಳ್ಳೆಯದೇ. ಆದರೆ ತಮ್ಮಾ, ಪಕ್ಕದ ರೂಮಿನವನಿಗೆ ರಕ್ತದ ಬಣ್ಣ ಕಾಣುವುದಿಲ್ಲ. ಅವನಿಗೆ ಬರೀ ಕೇಳುತ್ತದೆ.

ಏನು ಕೇಳುತ್ತದೆ? ರಾತ್ರಿ ಒಂದೂವರೆಗೆ 'ಹೊಡಿ, ಹೊಡಿ ಅವನ್ನ, ಬಿಡಬ್ಯಾಡ, ತಲಿಗೇ ಹೊಡಿ'. ಇಯರ್‌ಫೋನ್ ಹಾಕಿಕೊಳ್ಳುವುದು ಕಿವಿಗೆ, ಬಾಯಿಗಲ್ಲ. ಕಿವಿ ಮುಚ್ಚಿದವನ ದನಿ ಇನ್ನೂ ಏರುತ್ತದೆ, ತನ್ನ ಕೂಗು ತನಗೇ ಕೇಳದ ಮೇಲೆ ಏರದೆ ಏನಾಗುತ್ತದೆ? ನಿಮ್ಮ ಪಿ.ಜಿ.ಯ ನೆಲ ಶಹಾಬಾದ್ ಪರಸಿ ಇರಬೇಕು, ನಡುವೆ ಪ್ಲೈವುಡ್ ಗೋಡೆ. ಆ ಕಲ್ಲಿನ ಮೇಲೆ ತಾಟು ಬಿದ್ದರೆ ಮೂರನೇ ರೂಮಿನವನು ಏಳುತ್ತಾನೆ. ಆಟ ಕಾಣದೆ ಆ ಮಾತು ಮಾತ್ರ ಕೇಳಿದರೆ ಅದು ಆಟದ ಹಾಗಿರುವುದಿಲ್ಲ. ಪಕ್ಕದವನು ಕೆಪಿಎಸ್‌ಸಿಗೆ ಓದುತ್ತಿರಬಹುದು. ಇಲ್ಲವೇ ಕುಡಿದು ಹೊಡೆಯುವ ಅಪ್ಪನ ಮನೆಯಿಂದ ಬಂದಿರಬಹುದು. ಹಾಸ್ಟೆಲ್‌ನಲ್ಲಿ ಅಂಥವರು ಎಷ್ಟು ಜನ ಇರುತ್ತಾರೆ ಅಂತ ವಾರ್ಡನ್ ಆದವನಿಗೆ ಮಾತ್ರ ಗೊತ್ತು.

ಕಾನೂನೂ ಅವನ ಕಡೆಗಿದೆ. ಶಬ್ದದ ಬಗ್ಗೆ 2000ದ ನಿಯಮಗಳಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮನೆಗಳಿರುವ ಕಡೆ 45 ಡೆಸಿಬಲ್ ಅಂತ ಮಿತಿ ಇದೆ. ಮಾಮೂಲಿ ಮಾತುಕತೆಯೇ ಅದನ್ನು ದಾಟುತ್ತದೆ. ಪೊಲೀಸರು ನಿಮ್ಮ ಬಾಯಿಗೆ ಮೀಟರ್ ಹಿಡಿಯಲು ಬರುವುದಿಲ್ಲ, ಅದು ನನಗೂ ಗೊತ್ತು. ನೀವೇ ಪಕ್ಕದವನ ಬಾಗಿಲು ತಟ್ಟಿ 'ಹತ್ತೂವರೆಗೆ ಮುಗಿಸ್ತೀವಿ, ನಿನ್ನ ಪರೀಕ್ಷೆ ಯಾವಾಗ?' ಅಂತ ಕೇಳಿ. ಆಮೇಲೆ ಅವನನ್ನೂ ಕರೆದುಕೊಂಡು ಮಾಲೀಕರ ಹತ್ತಿರ ಹೋಗಿ ವೈಫೈ ಕೇಳಿ. ದೂರು ಕೊಟ್ಟವನೇ ಜೊತೆಗೆ ಬಂದು ನಿಂತರೆ ಮಾಲೀಕರ ಹತ್ತಿರ ಮಾತು ಉಳಿಯುವುದಿಲ್ಲ.

ನಾನು ಆಳಂದ ತಾಲೂಕಿನವನು, 71 ವರ್ಷ. ನಮ್ಮ ಕಾಲದಲ್ಲಿ ದೊಡ್ಡಾಟದಲ್ಲಿ ದುಶ್ಯಾಸನನ ಎದೆ ಸೀಳಿ ರಕ್ತ ಕುಡಿಯುವುದನ್ನು ಹಸುಗೂಸುಗಳೂ ನೋಡುತ್ತಿದ್ದವು. ನಾವೇನು ಕೆಟ್ಟೆವೇ? ಈಗಿನವರದ್ದು ಬರೀ ಬೊಬ್ಬೆ.

ಅಣ್ಣಾರೆ, ನಾನೂ ನೋಡಿದವನೇ. ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಬೆರಳ ಸಂದಿನಿಂದ. ಆದರೆ ನೆನಪು ಮಾಡಿಕೊಳ್ಳಿ. ಭೀಮನ ಪಾತ್ರ ಮಾಡಿದವನು ನಮ್ಮ ಓಣಿಯ ಬಡಿಗ. ದುಶ್ಯಾಸನ ಕಿರಾಣಿ ಅಂಗಡಿಯವನು. ಮರುದಿನ ಬೆಳಿಗ್ಗೆ ಬಡಿಗ ಅದೇ ಅಂಗಡಿಗೆ ಹೋಗಿ ಬೀಡಿ ಉದ್ರಿ ಕೇಳುತ್ತಿದ್ದ. ಸತ್ತವನು ತೂಕ ಮಾಡಿ ಬೆಲ್ಲ ಕೊಡುತ್ತಿದ್ದ! ರಕ್ತ ಕುಂಕುಮದ ನೀರು ಅಂತ ಅವ್ವ ಕಿವಿಯಲ್ಲಿ ಹೇಳುತ್ತಿದ್ದಳು. ಯಾಕೆ ಸೀಳಿದ, ದ್ರೌಪದಿಗೆ ಏನು ಮಾಡಿದ್ದರು ಅಂತ ಭಾಗವತ ಅರ್ಧ ರಾತ್ರಿ ಹಾಡಿದ ಮೇಲೆ ಆ ಒಂದು ಗಳಿಗೆ ಬರುತ್ತಿತ್ತು. ವರ್ಷಕ್ಕೆ ಒಂದು ಸಲ, ಊರೆಲ್ಲ ಜೊತೆಗೆ ಕೂತು. ನಮ್ಮ ಪಕ್ಕ ದೊಡ್ಡವರು ಇರುತ್ತಿದ್ದರು ಅನ್ನುವುದೇ ದೊಡ್ಡ ವ್ಯತ್ಯಾಸ. ಹೊಡೆದಾಟ ಆಗಲೂ ಇತ್ತು, ಈಗಲೂ ಇದೆ, ಅದರಲ್ಲಿ ನೀವು ಹೇಳಿದ್ದು ಸರಿ. ಈಗ ಸಿನಿಮಾಗಳಿಗೂ 'ಯುಎ' ಅಂತ ಒಂದೇ ಗುರುತು ಸಾಲದು ಅಂತ 2023ರಲ್ಲಿ ಕಾನೂನು ತಿದ್ದಿ 7, 13, 16 ಅಂತ ಮೂರು ಮಾಡಿದ್ದಾರೆ. ಆ ಅಂಕಿ ನೋಡಿ ತೀರ್ಮಾನ ಮಾಡಬೇಕಾದದ್ದು ಪಕ್ಕ ಕೂತ ಅವ್ವನೇ. ಅವಳು ಅಡುಗೆಮನೆಯಲ್ಲಿದ್ದು ಕೂಸು ಹಾಲ್‌ನಲ್ಲಿದ್ದರೆ ಅಂಕಿ ಯಾರಿಗೆ?

ಮಗ ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ಡಿಪ್ಲೊಮಾ ಓದುತ್ತಾನೆ. ಎರಡು ಸೆಮಿಸ್ಟರ್‌ನಿಂದ ಮೊಬೈಲ್ ಆಟ ಬಿಟ್ಟರೆ ಏನೂ ಇಲ್ಲ. ಊಟ ಬಿಡುತ್ತಾನೆ, ಕ್ಲಾಸಿಗೆ ಹೋಗುವುದಿಲ್ಲ, ಫೋನ್ ಕಸಿದರೆ ಕೈ ಎತ್ತುತ್ತಾನೆ. ಆಟದಲ್ಲಿನ ಹೊಡೆದಾಟದಿಂದ ಹೀಗಾಯಿತಾ?

ಹೊಡೆದಾಟದಿಂದ ಅಲ್ಲ ಅನಿಸುತ್ತದೆ, ಅವ್ವಾರೆ. ಬಿಡಲು ಆಗದೇ ಇರುವುದು ಬೇರೆಯೇ ತೊಂದರೆ, ಹಣ್ಣು ಕತ್ತರಿಸುವ ಆಟದಲ್ಲೂ ಆಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2019ರಲ್ಲಿ ಒಪ್ಪಿದ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೇ ನಡೆದು, ಓದು, ಊಟ, ಮನೆ ಎಲ್ಲ ಕೆಟ್ಟಿದ್ದರೆ ಮಾತ್ರ ಆ ಹೆಸರು ಇಡುತ್ತಾರೆ. ಹೆಸರು ಇಡುವ ಕೆಲಸ ನನ್ನದಲ್ಲ, ನಿಮ್ಮದೂ ಅಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮೊದಲು ಫೋನ್. ಅಲ್ಲಿಯವರೆಗೆ ಕಸಿಯಬೇಡಿ. ಬಿಟ್ಟ ಊಟ ಯಾವುದು, ಬೆಳಗಿನದಾ ರಾತ್ರಿಯದಾ ಅಂತ ಹಾಸ್ಟೆಲ್‌ನ ಅಡುಗೆಯವರನ್ನು ಕೇಳಿ. ವಾರ್ಡನ್‌ಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತದೆ.

ಇಷ್ಟೆಲ್ಲ ಹೇಳುವ ವಾರ್ಡನ್ ಕಾಕಾ ಒಂದು ಸಲವಾದರೂ ಆಡಿದ್ದೀರಾ? (ಬೀದರ್‌ನಿಂದ, ಒಂಬತ್ತನೇ ತರಗತಿ)

ಆಡಿದ್ದೇನಪ್ಪಾ. ಹೋದ ರಜೆಯಲ್ಲಿ ಮೊಮ್ಮಗ ಅವನ ಅಪ್ಪನ ಫೋನ್ ಕೊಟ್ಟು ಅದೇ ಬಿಜಿಎಂಐ ಆಡಲು ಕೂರಿಸಿದ. ವಿಮಾನದಿಂದ ಜಿಗಿಯುವುದೇ ನನಗೆ ಗೊತ್ತಾಗಲಿಲ್ಲ, ಎಲ್ಲರೂ ಇಳಿದ ಮೇಲೆ ಅದೇ ತಳ್ಳಿತು. ಒಂದು ಮನೆಯ ಮಾಳಿಗೆ ಮೇಲೆ ಇಳಿದೆ. ಬಂದೂಕು ಹುಡುಕುತ್ತಿದ್ದೆ, ಸಿಕ್ಕದ್ದು ಬಾಣಲೆ. ಬಾಣಲೆ ಹಿಡಿದು ಮೆಟ್ಟಿಲು ಇಳಿಯುವಾಗ ಯಾವನೋ ಹಿಂದಿನಿಂದ ಬಂದು ಹೊಡೆದ. ಆಗ ನನ್ನ ಬಾಯಿಂದ ಒಂದು ಮಾತು ಬಂತು. ಅದನ್ನು ಇಲ್ಲಿ ಅಚ್ಚು ಹಾಕುವುದಿಲ್ಲ. 29 ವರ್ಷ ಹುಡುಗರ ಬಾಯಲ್ಲಿ ಕೇಳಿ, ಕೇಳಿದಾಗಲೆಲ್ಲ ದಂಡ ಹಾಕಿದ ಮಾತು ಅದು. ಹಾಲ್‌ನಲ್ಲಿ ಪಕ್ಕದ ಮನೆಯ ಇಬ್ಬರು ಸಣ್ಣ ಹುಡುಗಿಯರು ಕೂಲರ್ ಮುಂದೆ ಚೌಕಾಬಾರ ಆಡುತ್ತಿದ್ದರು. ಕವಡೆ ಹಾಗೇ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು. ಒಳಗಿನಿಂದ ನಮ್ಮ ಮನೆಯವಳು 'ಯಾರ್ರೀ ಅದು?' ಅಂದಳು.

ನಾನು ಮೊಮ್ಮಗನ ಕಡೆ ಕೈ ತೋರಿಸಿದೆ.